‘ಓಕೆ’: ನಿಷ್ಪತ್ತಿ ಮತ್ತು ಅರ್ಥವಿಸ್ತಾರ

ಪದವೊಂದರ ಮೂಲವನ್ನು ನಿರ್ಣಯಿಸುವಾಗ ಧ್ವನಿಸಾಮ್ಯಕ್ಕೆ ಎಷ್ಟು ಬೆಲೆ, ಕಾಲನಿರ್ದಿಷ್ಟವಾದ ಲಿಖಿತ ಆಧಾರಕ್ಕೆ ಎಷ್ಟು ಬೆಲೆ ಎಂಬುದು ನಿಷ್ಪತ್ತಿಶಾಸ್ತ್ರದ ಮೂಲಭೂತ ಪ್ರಶ್ನೆ. ಇಂಗ್ಲಿಷಿನ ಆಡುಮಾತಿನಿಂದ ಹೊರಟು ಕನ್ನಡದಲ್ಲೂ ನೆಲೆನಿಂತಿರುವ ‘ಓಕೆ’ ಪದದ ಚರಿತ್ರೆ ಈ ಪ್ರಶ್ನೆಗೆ ಉತ್ತಮ ನಿದರ್ಶನ.

ಅಮೆರಿಕದ ಮೂಲನಿವಾಸಿಗಳ ಚಾಕ್ಟಾ ಭಾಷೆಯ ಸದೃಶ ರೂಪವೊಂದು ಇದರ ಮೂಲವೆಂಬುದು ಒಂದು ವಾದ. ಅಧ್ಯಕ್ಷ ವುಡ್ರೊ ವಿಲ್ಸನ್ ಇದನ್ನೊಪ್ಪಿ ಅದಕ್ಕನುಗುಣವಾದ ಕಾಗುಣಿತವನ್ನೇ ಬಳಸುತ್ತಿದ್ದರು. ಪಶ್ಚಿಮ ಆಫ್ರಿಕದ ವೊಲೊಫ್ ಭಾಷೆಯಿಂದ ಬಂದಿತೆಂಬುದು ಮತ್ತೊಂದು ವಾದ. ಇವೆರಡಕ್ಕೂ ಮುಖ್ಯ ಆಧಾರ ಧ್ವನಿಸಾಮ್ಯವೇ.

ಭಾಷಾವಿದ್ವಾಂಸ ಅಲೆನ್ ವಾಕರ್ ರೀಡ್ 1963-64ರಲ್ಲಿ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನಗಳು ಬೇರೆಯೇ ಹಾದಿ ಹಿಡಿದವು. 1839ರ ಮಾರ್ಚ್ 23ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯಲ್ಲಿ ಈ ಸಂಕ್ಷೇಪ ಅರ್ಥವಿವರಣೆಯೊಡನೆಯೇ ದೊರೆಯುತ್ತದೆ. ಪದಗಳನ್ನು ಬೇಕೆಂದೇ ತಪ್ಪಾಗಿ ಬರೆದು ಅವುಗಳ ಮೊದಲಕ್ಷರಗಳನ್ನು ಬಳಸುವುದು ಅಂದಿನ ಪತ್ರಿಕೆಗಳ ವಿನೋದ. ‘ಆಲ್ ಕರೆಕ್ಟ್’ ಎಂಬುದರ ಮೊದಲಕ್ಷರಗಳು ಎ.ಸಿ.; ಅದು ‘ಓಲ್ ಕೊರೆಕ್ಟ್’ ಆದಾಗ ಓ.ಕೆ. ಆಯಿತು. ಇದೇ ಬಗೆಯ ‘ಓ.ಡಬ್ಲ್ಯು.’ (ಓಲ್ ರೈಟ್) ಅಳಿಯಿತು, ಓ.ಕೆ. ಉಳಿಯಿತು. 1840ರ ಚುನಾವಣೆಯಲ್ಲಿ ಕಿಂಡರ್‌ಹುಕ್ ಊರಿನ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅವರ ಬೆಂಬಲಿಗರು ‘ಓಲ್ಡ್ ಕಿಂಡರ್‌ಹುಕ್’ ಎಂಬ ಅರ್ಥದಲ್ಲಿ ಈ ಅಕ್ಷರಗಳನ್ನು ಘೋಷಣೆಯಾಗಿಸಿದರು. ವ್ಯಾನ್ ಬ್ಯೂರೆನ್ ಸೋತರು, ಪದ ಗೆದ್ದಿತು. ಹುಟ್ಟಿಗೆ ಕಾರಣವಾದದ್ದು ಬೇರೆ, ಉಳಿವಿಗೆ ಕಾರಣವಾದದ್ದು ಬೇರೆ ಎಂಬುದು ಇಲ್ಲಿ ಗಮನಾರ್ಹ.

ಮೂಲದಲ್ಲಿ ‘ಎಲ್ಲವೂ ಸರಿ’ ಎಂಬರ್ಥದ ಈ ಪದ ಕ್ರಮೇಣ ಸಮ್ಮತಿಸೂಚಕ ಅವ್ಯಯವಾಗಿ, ‘ಅನುಮೋದಿಸು’ ಎಂಬರ್ಥದ ಕ್ರಿಯಾಪದವಾಗಿ ವಿಸ್ತರಿಸಿತು. ‘ಪರವಾಗಿಲ್ಲ’ ಎಂಬ ಮಧ್ಯಮ ಮೆಚ್ಚುಗೆಗೂ ಇಳಿಯಿತು. ಕನ್ನಡ ಇದನ್ನು ತನ್ನ ವ್ಯಾಕರಣಕ್ಕೆ ಒಗ್ಗಿಸಿಕೊಂಡಿದೆ: ‘ಓಕೆನಾ?’ ಎಂಬಲ್ಲಿ ಪ್ರಶ್ನಾರ್ಥಕ ಪ್ರತ್ಯಯವಿದೆ. ‘ಓಕೆ ಮಾಡು’, ‘ಓಕೆ ಆಯ್ತು’ ಎಂಬಲ್ಲಿ ಸಕರ್ಮಕ-ಅಕರ್ಮಕ ಭೇದವನ್ನು ಕನ್ನಡದ ಕ್ರಿಯೆಯೇ ನಿರ್ವಹಿಸುತ್ತದೆ.

ಈ ವಿಧಾನ ನಮಗೆ ಹೊರಗಿನದೇನಲ್ಲ. ‘ಬೆಂದಕಾಳೂರು’ ಎಂಬ ಐತಿಹ್ಯ ಬೆಂಗಳೂರಿನ ಹೆಸರನ್ನು ಹೊಯ್ಸಳ ವೀರಬಲ್ಲಾಳನ ಕಾಲಕ್ಕೆ ಜೋಡಿಸುತ್ತದೆ. ಆದರೆ ಸುಮಾರು ಕ್ರಿ.ಶ. 890ರ ಬೇಗೂರು ಶಾಸನದಲ್ಲಿಯೇ ಆ ಊರಿನ ಹೆಸರಿದೆ. ಐತಿಹ್ಯ ಸಮುದಾಯದ ಕಲ್ಪನೆಯನ್ನು ತಿಳಿಸುತ್ತದೆ. ಪದದ ವಯಸ್ಸನ್ನು ತಿಳಿಸಬಲ್ಲದ್ದು ದಾಖಲೆ. ಎರಡನ್ನೂ ಸಂಗ್ರಹಿಸಬೇಕು, ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಬಾರದು.