ದಾದಿಯ ರಜಾಯಿ ಮತ್ತು ಆರೂವರೆ ಕಿಲೋ ಯಂತ್ರ

ಕಳೆದ ಡಿಸೆಂಬರ್ ರಜೆಯಲ್ಲಿ ನಾನೊಂದು ಒಳ್ಳೆಯ ಕೆಲಸ ಮಾಡಲು ಹೊರಟೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ದಾದಿ ಹೊದೆಯುವ ರಜಾಯಿಯನ್ನು, ಅವರು ಫುಫ್ಪು ಮನೆಗೆ ಹೋಗಿದ್ದ ದಿನ ವಾಷಿಂಗ್ ಮೆಷಿನ್‌ಗೆ ಹಾಕಿ ಒಗೆದು, ಮಡಚಿ ಮಂಚದ ಮೇಲಿಟ್ಟು ಅಚ್ಚರಿಗೊಳಿಸಬೇಕೆಂದುಕೊಂಡೆ. ಅಚ್ಚರಿಯೇನೋ ಆಯಿತು.

ರಜಾಯಿ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಎರಡು ಬಟ್ಟೆಗಳ ನಡುವೆ ಹತ್ತಿ ತುಂಬಿ, ಅಲ್ಲಲ್ಲಿ ಹೊಲಿಗೆ ಹಾಕಿದ ದಪ್ಪ ಹೊದಿಕೆ. ಪಕ್ಕದ ಮನೆಯ ಅಜ್ಜಿ ಇದನ್ನು ದುಪ್ಪಟಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ದುಪಟ್ಟಾ ಎಂದರೆ ತಲೆಯ ಮೇಲೆ ಹಾಕಿಕೊಳ್ಳುವುದು. ಚಿಕ್ಕವಯಸ್ಸಿನಲ್ಲಿ ಈ ಒಂದು ಪದದಿಂದ ನಾನು ಬಹಳ ಗೊಂದಲಪಟ್ಟಿದ್ದೇನೆ. ದಾದಿಯ ರಜಾಯಿ ಅವರ ಮದುವೆಯ ಕಾಲದ್ದು, ಅವರ ತಾಯಿ ಹೊಲಿದುಕೊಟ್ಟದ್ದು.

ನಮ್ಮ ಮೆಷಿನ್ ಮೇಲಿನಿಂದ ಬಟ್ಟೆ ಹಾಕುವಂಥದ್ದು, ಆರೂವರೆ ಕಿಲೋದು. ರಜಾಯಿಯ ತೂಕ ಮೂರೂವರೆ ಕಿಲೋ ಇತ್ತು. ಕಾಮರ್ಸ್ ವಿದ್ಯಾರ್ಥಿಯಾಗಿ ಕಳೆದು ನೋಡಿದೆ, ಇನ್ನೂ ಮೂರು ಕಿಲೋ ಬಾಕಿ! ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಮೆಷಿನ್ ಮೇಲೆ ಬರೆದಿರುವುದು ಒಣಗಿದ ಸಾಧಾರಣ ಬಟ್ಟೆಯ ತೂಕ. ಶರ್ಟು, ಟವೆಲ್‌ಗಳು ನೀರಿನಲ್ಲಿ ಬಿಡಿಬಿಡಿಯಾಗಿ ತಿರುಗುತ್ತವೆ. ರಜಾಯಿ ಒಂದೇ ಮುದ್ದೆ. ಹತ್ತಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ, ಹೀರಿ ಒಂದು ಕಡೆ ಕೂತುಬಿಡುತ್ತದೆ.

ಒಗೆಯುವವರೆಗೆ ಏನೂ ಆಗಲಿಲ್ಲ. ನೀರು ಹಿಂಡಲು ತಿರುಗತೊಡಗಿದಾಗ ಮೆಷಿನ್ ಗೋಡೆಗೆ ಢಿಕ್ಕಿ ಹೊಡೆಯುತ್ತಾ ಬಾತ್‌ರೂಮಿನಿಂದ ಹೊರಗೆ ನಡೆದು ಬಂತು. ನಾನು ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದೆ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಒದ್ದೆ ನೆಲದಲ್ಲಿ ನಿಂತು ಹಿಡಿಯುವ ವಸ್ತು ಅದಲ್ಲ. ಗೋಡೆಯ ಸ್ವಿಚ್ ಆರಿಸಿ, ತೊಟ್ಟಿ ಪೂರ್ತಿ ನಿಂತ ಮೇಲೆಯೇ ಮುಚ್ಚಳ ತೆಗೆದು ಬಟ್ಟೆ ಸರಿಪಡಿಸಬೇಕು.

ಯಾಕೆ ಹೀಗಾಯಿತೆಂದು ನಮ್ಮ ಕಾಲೇಜಿನ ವಿಜ್ಞಾನ ವಿಭಾಗದ ಗೆಳೆಯನನ್ನು ಕೇಳಿದೆ. ಅವನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿಕೊಟ್ಟ. ತೊಟ್ಟಿಯ ತ್ರಿಜ್ಯ 24 ಸೆಂ.ಮೀ., ವೇಗ ನಿಮಿಷಕ್ಕೆ 700 ಸುತ್ತು ಎಂದಿಟ್ಟುಕೊಂಡರೆ, ಒಂದೇ ಕಡೆ ಉಳಿದ ಒಂದು ಕಿಲೋ ನೀರು ಸುಮಾರು 130 ಕಿಲೋ ಭಾರದಷ್ಟು ಬಲದಿಂದ ತೊಟ್ಟಿಯನ್ನು ಹೊರಗೆಳೆಯುತ್ತದೆ. ವೇಗವನ್ನು ಅರ್ಧ ಮಾಡಿದರೆ ಬಲ ಅರ್ಧವಲ್ಲ, ಕಾಲು ಭಾಗವಾಗುತ್ತದೆ: ಸುಮಾರು 33 ಕಿಲೋ. ದೊಡ್ಡ ಬಟ್ಟೆಗೆ ಕಡಿಮೆ ವೇಗ ಇಡಿ ಎನ್ನುವುದು ಇದಕ್ಕೇ. ನಮ್ಮಲ್ಲಿ ತೊಟ್ಟಿಯನ್ನು ತೂಗಿ ಹಿಡಿಯುವ ನಾಲ್ಕು ಸರಳುಗಳಲ್ಲಿ ಒಂದು ಕಳಚಿತ್ತು. ರಿಪೇರಿಯ ದುಡ್ಡು ನನ್ನ ಈದಿಯಿಂದಲೇ ಹೋಯಿತು.

ನಮ್ಮದು ಚಿಕ್ಕ ಪ್ರಕರಣ. 2016ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ಕಂಪನಿ ಸುಮಾರು 28 ಲಕ್ಷ ಮೆಷಿನ್‌ಗಳನ್ನು ಹಿಂದಕ್ಕೆ ಕರೆಯಿತು. ತಿರುಗುವಾಗ ಮೇಲ್ಭಾಗ ಕಳಚಿಕೊಳ್ಳುವ ಅಪಾಯವಿತ್ತು. ಹೊದಿಕೆ, ದಪ್ಪ ಬಟ್ಟೆ ಮತ್ತು ನೀರು ಹಿಡಿಯದ ಬಟ್ಟೆಗಳನ್ನು ಕಡಿಮೆ ವೇಗದಲ್ಲೇ ಒಗೆಯಿರಿ ಎಂದು ಗ್ರಾಹಕರಿಗೆ ಹೇಳಲಾಯಿತು. ರೇನ್‌ಕೋಟ್, ಹಾಸಿಗೆಯ ಪ್ಲಾಸ್ಟಿಕ್ ಲೇಪದ ಕವರ್ ಇವು ನೀರನ್ನು ಚೀಲದಂತೆ ಹಿಡಿದಿಟ್ಟುಕೊಂಡು ಒಮ್ಮೆಲೇ ಬಿಡುತ್ತವೆ. ಅವನ್ನು ಬಕೆಟ್‌ನಲ್ಲೇ ಒಗೆಯುವುದು ಮೇಲು.

ಈಗ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ತುಂಬಿದ ಕಂಫರ್ಟರ್‌ಗಳ ಕಥೆ ಬೇರೆ. ಒತ್ತಿ ತುರುಕದೆ ತೊಟ್ಟಿಯೊಳಗೆ ಸಡಿಲವಾಗಿ ಕೂತರೆ ಮೆಷಿನ್‌ಗೆ ಹಾಕಬಹುದು. ದ್ರವ ಡಿಟರ್ಜೆಂಟ್ ಸ್ವಲ್ಪವೇ ಹಾಕಿ ಒಂದು ಸಲ ಹೆಚ್ಚಾಗಿ ಜಾಲಿಸಬೇಕು. ದಿಂಬಾದರೆ ಒಂದೇ ಬೇಡ, ಎರಡನ್ನು ಎದುರುಬದುರು ಇಟ್ಟರೆ ಸಮತೂಕವಾಗುತ್ತದೆ. ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲೇ ಇದನ್ನು ಮುಗಿಸಿಕೊಳ್ಳಿ. ಜುಲೈನ ಬೆಂಗಳೂರು ಜಿಟಿಜಿಟಿ ಮಳೆಯಲ್ಲಿ ಒಳಗಿನ ತೇವ ಆರದೆ ಮುಗ್ಗುಲು ವಾಸನೆ ಬರುತ್ತದೆ.

ನಾಜೂಕು ಬಟ್ಟೆಯ ವಿಷಯದಲ್ಲಿ ಅಮ್ಮಿ ನನಗಿಂತ ಬುದ್ಧಿವಂತೆ. ಉದ್ದ ದುಪಟ್ಟಾ, ಬುರ್ಖಾದ ನಿಖಾಬ್ ಇವುಗಳನ್ನು ದಿಂಬಿನ ಕವರಿನೊಳಗೆ ಹಾಕಿ ಬಾಯಿ ಕಟ್ಟಿ ಮೆಷಿನ್‌ಗೆ ಬಿಡುತ್ತಾರೆ. ಹಾಗೆ ಮಾಡದಿದ್ದರೆ ಅವು ಬೇರೆ ಬಟ್ಟೆಗೆ ಹಗ್ಗದಂತೆ ಸುತ್ತಿಕೊಳ್ಳುತ್ತವೆ. ಕಪ್ಪು ಬಟ್ಟೆಯನ್ನು ಒಳಮಗ್ಗುಲು ಮಾಡಿ ತಣ್ಣೀರಿನಲ್ಲಿ ಒಗೆಯುತ್ತಾರೆ. ಆದರೆ ಅವರ ಮೈಸೂರು ಸಿಲ್ಕ್ ಸೀರೆ ಮೆಷಿನ್ ಕಂಡದ್ದೇ ಇಲ್ಲ. ರೇಷ್ಮೆ ಒಂದು ಪ್ರೋಟೀನು. ಮೊಟ್ಟೆ, ರಕ್ತದ ಕಲೆ ತೆಗೆಯಲು ಹಲವು ಡಿಟರ್ಜೆಂಟ್‌ಗಳಲ್ಲಿ ಪ್ರೋಟೀನ್ ಒಡೆಯುವ ಕಿಣ್ವ ಇರುತ್ತದೆ. ಕಲೆ ಯಾವುದು, ಸೀರೆ ಯಾವುದು ಎಂದು ಅದಕ್ಕೆ ತಿಳಿಯದು. ಉಣ್ಣೆಗೂ ಇದೇ ಭಯ, ಜೊತೆಗೆ ಬಿಸಿನೀರಿನಲ್ಲಿ ತಿಕ್ಕಾಡಿದರೆ ಸ್ವೆಟರ್ ಕುಗ್ಗಿ ತಮ್ಮನ ಅಳತೆಗೆ ಬರುತ್ತದೆ. ಬಟ್ಟೆಯ ಒಳಗಿನ ಚೀಟಿ ನೋಡಿ: ತೊಟ್ಟಿಯ ಚಿತ್ರದೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು, ಕೆಳಗೆ ಒಂದು ಗೆರೆ ಇದ್ದರೆ ಮೃದುವಾದ ಸುತ್ತು, ತೊಟ್ಟಿಗೆ ಕಾಟು ಹಾಕಿದ್ದರೆ ನೀರೇ ಬೇಡ.

ರಜಾಯಿಗೆ ಇಂಥ ಚೀಟಿ ಇರಲಿಲ್ಲ. ಮೂರು ದಿನ ತಾರಸಿಯಲ್ಲಿ ಒಣಗಿದ ಮೇಲೂ ಒಳಗೆ ಹತ್ತಿ ಗಂಟುಗಂಟಾಗಿ, ನಡುವೆ ಬರೀ ಬಟ್ಟೆ ಉಳಿದಿತ್ತು. ದಾದಿ ಬಂದು ಮುಟ್ಟಿ ನೋಡಿದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಆಮೇಲೆ ಹೇಳಿದರು, ಹತ್ತಿಯ ರಜಾಯಿಯನ್ನು ಒಗೆಯುವುದಿಲ್ಲ, ಬಿಸಿಲಿಗೆ ಹಾಕುತ್ತಾರೆ. ಮೇಲಿನ ಗಿಲಾಫ್ ಮಾತ್ರ ಒಗೆಯುತ್ತಾರೆ. ಹತ್ತಿ ಕೂತುಹೋದಾಗ ಬಿಚ್ಚಿ ಪಿಂಜಾರರಿಗೆ ಕೊಡುತ್ತಾರೆ. ನದಾಫ್ ಎಂದೂ ಕರೆಯುವ ಈ ಸಮುದಾಯದವರು ಹಿಂದೆ ದೊಡ್ಡ ಬಿಲ್ಲು ಹೊತ್ತು ಬೀದಿಗೆ ಬಂದು, ಅದರ ತಂತಿ ಮೀಟಿ ಹತ್ತಿ ಅರಳಿಸುತ್ತಿದ್ದರಂತೆ. ಈಗ ಹೆಚ್ಚಾಗಿ ಆ ಕೆಲಸಕ್ಕೂ ಮೆಷಿನ್ ಬಂದಿದೆ.

ಅಬ್ಬಾ ಮತ್ತು ನಾನು ಹತ್ತಿಯಂಗಡಿಯೊಂದಕ್ಕೆ ಅದನ್ನು ಆಟೋದಲ್ಲಿ ಒಯ್ದೆವು. ಗಟ್ಟಿ ಗಂಟುಗಳನ್ನು ತೆಗೆದುಹಾಕಿ ಉಳಿದದ್ದನ್ನು ಅರಳಿಸಿ ಕೊಟ್ಟರು. ಹೊಸ ಹತ್ತಿ ಸೇರಿಸಲೇ ಎಂದು ಕೇಳಿದಾಗ ದಾದಿ ಫೋನಿನಲ್ಲೇ ಬೇಡವೆಂದರು. ರಜಾಯಿ ಈಗ ಎರಡೂ ಮುಕ್ಕಾಲು ಕಿಲೋ ಇದೆ. ಹಳೆಯ ಬಟ್ಟೆಯ ಮೇಲೆ ದಾದಿಯೇ ಮತ್ತೆ ಹೊಲಿಗೆ ಹಾಕಿದರು. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದಾಗಿತ್ತು.