ಕೀಲೆಣ್ಣೆ

ದೂರದ ಪಯಣಕ್ಕೆ ಗಾಡಿ ಹೂಡುವ ಮುನ್ನ ಹಿಂದಿನ ಕಾಲದ ರೈತನು ಅದರ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದನು. ಎಣ್ಣೆ ಕಾಣದ ಗಾಡಿ ಹಾದಿಯುದ್ದಕ್ಕೂ ಕಿರುಗುಟ್ಟುತ್ತಿತ್ತು. ಅಚ್ಚು ಬೇಗನೆ ಸವೆಯುತ್ತಿತ್ತು. ಎತ್ತಿನ ಗಾಡಿಯ ಸ್ಥಾನಕ್ಕೆ ಲಾರಿ ಬಂದರೂ ಈ ನಿಯಮ ಬದಲಾಗಲಿಲ್ಲ.

ಬಹುಪಾಲು ಲಾರಿಗಳಲ್ಲಿ ಎಂಜಿನ್ ಇರುವುದು ಮುಂದೆ; ಅದರ ಬಲದಿಂದ ತಿರುಗುವುದು ಹಿಂದಿನ ಚಕ್ರಗಳು. ಈ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದನೆಯ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಹಳ್ಳದಿಣ್ಣೆಗಳಲ್ಲಿ ಹಿಂದಿನ ಅಚ್ಚು ಏರಿಳಿಯುವುದರಿಂದ ಶಾಫ್ಟು ತಿರುಗುತ್ತಿರುವಾಗಲೇ ತನ್ನ ಓರೆಯನ್ನು ಬದಲಿಸಬೇಕಾಗುತ್ತದೆ. ಇದನ್ನು ಸಾಧ್ಯಗೊಳಿಸುವುದು ಯೂನಿವರ್ಸಲ್ ಜಾಯಿಂಟ್ ಎಂಬ ಕೀಲು. 16ನೆಯ ಶತಮಾನದ ಇಟಲಿಯ ಕಾರ್ಡಾನೊ, ಜೀವಕೋಶಕ್ಕೆ ಹೆಸರಿತ್ತ ಇಂಗ್ಲೆಂಡಿನ ರಾಬರ್ಟ್ ಹುಕ್ ಇವರಿಬ್ಬರ ಹೆಸರುಗಳಿಂದಲೂ ಇದನ್ನು ಕರೆಯುವುದುಂಟು.

ಕೀಲಿನ ನಡುವೆ ಸಂಕಲನದ ಚಿಹ್ನೆಯಂತಿರುವ ಉಕ್ಕಿನ ತುಂಡೊಂದಿದೆ. ಅದರ ನಾಲ್ಕು ತೋಳುಗಳೂ ಸೂಜಿಯಷ್ಟು ಸಣ್ಣ ಉರುಳೆಗಳ ನಡುವೆ ಆಡುತ್ತವೆ. ಗ್ರೀಸು ತೀರಿ ನೀರು, ಧೂಳು ಒಳಹೊಕ್ಕರೆ ಉರುಳೆಗಳು ತುಕ್ಕು ಹಿಡಿದು ಸವೆಯುತ್ತವೆ. ಮೊದಲು ಕಿರುಗುಟ್ಟುವ ಸದ್ದು, ಬಳಿಕ ನಡುಕ. ಕೊನೆಗೆ ಕೀಲು ಮುರಿದು ಶಾಫ್ಟು ರಸ್ತೆಗೆ ಬೀಳಬಹುದು. ಹೊರೆ ಹೊತ್ತು ಘಟ್ಟವೇರುವ ಲಾರಿಗೆ ಹೀಗಾದರೆ ಎಂಜಿನ್ ಎಷ್ಟು ಗರ್ಜಿಸಿದರೂ ಚಕ್ರಕ್ಕೆ ಬಲ ತಲುಪದು. ಚಾಲಕನ ಪ್ರಾಣ ಮಾತ್ರವಲ್ಲ, ಹಿಂದೆ ಬರುವವರ ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ.

ಗ್ರೀಸನ್ನು ಕೈಯಿಂದ ಹೊರಗೆ ಎಷ್ಟು ಮೆತ್ತಿದರೂ ಅದು ಉರುಳೆಗಳನ್ನು ಮುಟ್ಟದು. ಗ್ರೀಸು ತುಂಬಲೆಂದೇ ಕೀಲಿನಲ್ಲಿ ನಿಪ್ಪಲ್ ಎಂಬ ಪುಟ್ಟ ಬಾಯಿ ಇರುತ್ತದೆ. ಒತ್ತಡದಿಂದ ತುಂಬಲು ಗ್ರೀಸ್ ಗನ್ ಬೇಕು. ಲಾರಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡವಾಗಿ ಮರದ ತುಂಡುಗಳನ್ನಿಟ್ಟ ನಂತರವೇ ಅದರಡಿಗೆ ಹೋಗಬೇಕು. ಮೊದಲು ನಿಪ್ಪಲನ್ನು ಒರೆಸಬೇಕು. ಇಲ್ಲವಾದರೆ ಗ್ರೀಸಿನೊಡನೆ ಮರಳೂ ಒಳಹೋಗುತ್ತದೆ. ಗನ್ನಿನ ಮೂತಿಯನ್ನು ನೇರವಾಗಿ ಕೂಡಿಸಿ ಮೆಲ್ಲಗೆ ಒತ್ತಬೇಕು. ನಾಲ್ಕು ತೋಳುಗಳ ಅಂಚಿನಲ್ಲೂ ಹಳೆಯ ಗ್ರೀಸು ಹೊರಬಂದು ಹೊಸದು ಇಣುಕಿದಾಗ ಕೆಲಸ ಪೂರೈಸಿತು. ಮೂರು ಕಡೆ ಬಂದು ಒಂದು ಕಡೆ ಬಾರದಿದ್ದರೆ ಆ ತೋಳು ಒಣಗಿಯೇ ಉಳಿದಿರಬಹುದು. ಮೂರು ತೋಳುಗಳ ಜಿಡ್ಡು ನಾಲ್ಕನೆಯದನ್ನು ಕಾಪಾಡಲಾರದು. ನಿಪ್ಪಲ್ ಇಲ್ಲದೆ ಮುಚ್ಚಿಯೇ ತಯಾರಾದ ಕೀಲುಗಳೂ ಇವೆ; ಅವು ಸವೆದಾಗ ಬದಲಾಯಿಸಬೇಕು.

ಈ ಕೆಲಸ ಕೆಲವೇ ನಿಮಿಷಗಳದು. ಮಾಡಿದವನ ಹೆಸರು ಲಾರಿಯ ಹಲಗೆಯ ಮೇಲೆ ಇರುವುದಿಲ್ಲ. ಆದರೂ ಘಟ್ಟವೇರುವ ಹೊರೆಯೆಲ್ಲ ಆ ಜಿಡ್ಡುಗೈಯ ಎಚ್ಚರವನ್ನು ನೆಚ್ಚಿಯೇ ಸಾಗುತ್ತದೆ.