ಕೇಳಿ ಕೈ ಹಿಡಿಯಿರಿ

ಹಗರೆಯಲ್ಲಿ ಬೇಲೂರಿನ ಬಸ್ಸು ಬಂದು ನಿಂತರೆ ನಿಮಗೆಲ್ಲ ಅದೇನು ಅವಸರವೋ! ಊರುಗೋಲು ಹಿಡಿದವರೊಬ್ಬರು ಬಾಗಿಲಲ್ಲಿದ್ದರೆ ಅರ್ಧ ಜನ ಅವರನ್ನು ತಳ್ಳಿಕೊಂಡು ಹತ್ತುತ್ತೀರಿ. ಇನ್ನು ಕೆಲವು ಪುಣ್ಯಾತ್ಮರು ಹೇಳದೆ ಕೇಳದೆ ರಟ್ಟೆ ಹಿಡಿದು ಮೇಲಕ್ಕೆಳೆಯುತ್ತೀರಿ. ಎರಡೂ ತಪ್ಪು. ಹಾಗೆ ಎಳೆದಾಗ ಕೋಲು ನೆಲ ಬಿಡುತ್ತದೆ, ಆಯ ತಪ್ಪುತ್ತದೆ. ಬೀಳುವವರು ಅವರು, ನೀವಲ್ಲ. ‘ಹೇಗೆ ಹಿಡಿಯಲಿ?’ ಅಂತ ಮೊದಲು ಕೇಳಿ. ಬೇಡ ಅಂದರೆ ಮುಖ ಸಿಂಡರಿಸದೆ ದಾರಿ ಬಿಡಿ. ಕಣ್ಣು ಕಾಣದವರಾದರೆ ನಿಮ್ಮ ಮೊಣಕೈಯನ್ನು ಅವರೇ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಅಂಗವಿಕಲರಿಗೆ ಎಂದು ಬರೆದ ಸೀಟಿನಲ್ಲಿ ಕೂತು ಮೊಬೈಲ್ ನೋಡುವವರಿಗಂತೂ ನಾನೇನು ಹೇಳಲಿ? ದೇವರು ವರ ಕೊಟ್ಟರೂ ಪೂಜಾರಿ ಕೊಡ!

ನಾಲಿಗೆಯನ್ನೂ ಸ್ವಲ್ಪ ಹಿಡಿದುಕೊಳ್ಳಿ. ಎದುರಿಗೇ ಕೂತವರನ್ನು ಬಿಟ್ಟು, ‘ಇವರಿಗೆ ಅನ್ನ ಹಾಕಲಾ?’ ಅಂತ ಪಕ್ಕದವರನ್ನು ಯಾಕೆ ಕೇಳುತ್ತೀರಿ? ಕಾಲಿಗೆ ತೊಂದರೆಯಾದರೆ ಕಿವಿ, ಬಾಯಿ ಹೋಗಿರುವುದಿಲ್ಲ. ಕುಂಟ, ಕುರುಡ ಅಂತ ಹೆಸರಿನ ಹಿಂದೆ ಬಾಲ ಕಟ್ಟುವುದು, ಹಿಂದಿನ ಜನ್ಮದ ಕರ್ಮ ಎಂದು ತಾಯಿಯ ಮುಂದೆಯೇ ಲೊಚಗುಟ್ಟುವುದು, ಇವೆಲ್ಲ ಬೇಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಲ್ಕು ಜನರೆದುರು ಬೇಕೆಂದೇ ಅವಮಾನಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ 6 ತಿಂಗಳಿಂದ 5 ವರ್ಷದವರೆಗೆ ಜೈಲುಂಟು, ಅದೂ ತಿಳಿದಿರಲಿ.

ಹೋಲಿಕೆಯೂ ಬೇಡ. ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎಡಗಾಲಿನ ತೊಂದರೆಯಿದ್ದೂ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಜಿಗಿದು ಬೆಳ್ಳಿ ತಂದರು. ಆ ಕೂಟದಲ್ಲಿ ಭಾರತಕ್ಕೆ ಬಂದದ್ದು ಅದೊಂದೇ ಪದಕ. ಹೆಮ್ಮೆಪಡಿ, ಬೇಡ ಅನ್ನುವುದಿಲ್ಲ. ಆದರೆ ಅವರನ್ನು ತೋರಿಸಿ ಮನೆಯ ಮಗುವಿಗೆ ‘ನೀನೇನು ಮಾಡಿದೆ?’ ಎನ್ನಬೇಡಿ. ಪದಕ ತಂದರೆ ಮಾತ್ರ ಮರ್ಯಾದೆಯೇ? ತರಕಾರಿ ಹೆಚ್ಚಿಕೊಂಡು, ಲೆಕ್ಕ ಬರೆದುಕೊಂಡು, ಇಲ್ಲವೇ ಏನೂ ಮಾಡಲಾಗದೆ ಇರುವವರಿಗೂ ಅದೇ ಮರ್ಯಾದೆ ಸಲ್ಲಬೇಕು.

ಮನೆಯವರಿಗೆ ಇನ್ನೊಂದು ಮಾತು. ನೆಂಟರು ಬಂದಾಗ ವೈಕಲ್ಯವಿರುವ ಮಗುವನ್ನು ಒಳಕೋಣೆಗೆ ಕಳಿಸಬೇಡಿ. 2016ರ ಅದೇ ಕಾಯ್ದೆ ಈಗ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ವೈಕಲ್ಯ ಶೇ 40 ಅಥವಾ ಅದಕ್ಕೂ ಹೆಚ್ಚಿದ್ದರೆ ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಮೀಸಲಾತಿಯೂ ಇದೆ. ಜನ ಏನಂದಾರೋ ಅಂತ ಕೂತರೆ ಅದಕ್ಕೆ ಬೇಕಾದ ವೈಕಲ್ಯದ ಪ್ರಮಾಣಪತ್ರ ಮನೆಬಾಗಿಲಿಗೆ ಬರುವುದಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಈ ವಾರವೇ ಕಂಡು ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. ಮುಂದಿನ ಮದುವೆಗೆ ಹೊರಡುವಾಗ ಆ ಮಗುವಿಗೂ ಹೊಸಬಟ್ಟೆ ತೊಡಿಸಿ ಕರೆದುಕೊಂಡು ಬನ್ನಿ.